ಸಿಗರೇಟು ಬಿಡಲು ಮನೋಬಲ ಎಲ್ಲಿಂದ ಬರಬೇಕು?

ಭದ್ರಾವತಿಯ ಜನ್ನಾಪುರ ಕಾರ್ಖಾನೆಯ ಜನರ ಬಡಾವಣೆ. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ, ಅಂದರೆ ವಿಐಎಸ್‌ಎಲ್‌ನಲ್ಲಿ ದುಡಿದು ನಿವೃತ್ತರಾದವರು, ಗುತ್ತಿಗೆ ಕಾರ್ಮಿಕರು, ಅವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದಾರೆ. ಶಿಫ್ಟ್ ಲೆಕ್ಕದಲ್ಲಿ ಬದುಕುವ ಇಂಥ ಊರುಗಳಲ್ಲಿ ಸಿಗರೇಟು, ಬೀಡಿಗೂ ಹೊತ್ತುಗೊತ್ತು ಇರುತ್ತದೆ. ಕೆಲಸಕ್ಕೆ ಹೊರಡುವ ಮುಂಚೆ ಒಂದು, ಟೀ ಜೊತೆ ಒಂದು, ನೈಟ್ ಶಿಫ್ಟಿನಲ್ಲಿ ನಿದ್ದೆ ಓಡಿಸಲು ಎರಡು, ಮನೆಗೆ ಹೋಗುವಾಗ ಗೂಡಂಗಡಿ ಮುಂದೆ ಮತ್ತೊಂದು.

ಬಿಡಬೇಕು ಅಂದುಕೊಳ್ಳದವರು ಕಡಿಮೆ. ದೇಶದ ವಯಸ್ಕರಲ್ಲಿ ತಂಬಾಕು ಬಳಕೆ ಕುರಿತು 2016–17ರಲ್ಲಿ ನಡೆದ ಸಮೀಕ್ಷೆಯಲ್ಲಿ ಧೂಮಪಾನಿಗಳ ಪೈಕಿ ಶೇ 55ರಷ್ಟು ಮಂದಿ ಬಿಡುವ ಯೋಚನೆಯಲ್ಲಿದ್ದರು. ಶೇ 38ರಷ್ಟು ಮಂದಿ ಹಿಂದಿನ 12 ತಿಂಗಳಲ್ಲಿ ಬಿಡಲು ಪ್ರಯತ್ನಪಟ್ಟೂ ಇದ್ದರು. ಹೀಗಿದ್ದೂ ಬಿಡಲಾಗದವನಿಗೆ ಸಿಗುವುದು ‘ಮನಸ್ಸು ಗಟ್ಟಿ ಇಲ್ಲ’ ಎಂಬ ಹಣೆಪಟ್ಟಿ. ಈ ಹಣೆಪಟ್ಟಿ ಅರ್ಧ ಸುಳ್ಳು. ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಅದರ ಮೇಲೆ ಬೀಳುವ ಭಾರ ಇಳಿಸಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ.

ಚಟ ಹಿಡಿಯುವ ಬಗೆ

ಹೊಗೆ ಎಳೆದ 10ರಿಂದ 20 ಸೆಕೆಂಡಿನೊಳಗೆ ನಿಕೋಟಿನ್ ಮಿದುಳು ಮುಟ್ಟುತ್ತದೆ. ಅಲ್ಲಿನ ಗ್ರಾಹಕಗಳನ್ನು ತಟ್ಟಿ ಡೋಪಮಿನ್ ಎಂಬ ರಾಸಾಯನಿಕ ಹೊಮ್ಮುವಂತೆ ಮಾಡುತ್ತದೆ. ಅದರಿಂದ ಆಗುವ ಹಿತ ಕ್ಷಣಿಕ. ಸುಮಾರು ಎರಡು ಗಂಟೆಯಲ್ಲಿ ರಕ್ತದ ನಿಕೋಟಿನ್ ಅರ್ಧಕ್ಕಿಳಿಯುತ್ತದೆ. ಚಡಪಡಿಕೆ, ಸಿಡುಕು ಶುರುವಾಗುತ್ತವೆ. ಮುಂದಿನ ಸಿಗರೇಟು ಆ ಚಡಪಡಿಕೆಯನ್ನು ಇಳಿಸುತ್ತದೆ. ‘ಟೆನ್ಷನ್ ಹೋಯಿತು’ ಅನ್ನಿಸುವುದು ಇದಕ್ಕೇ. ಆ ಟೆನ್ಷನ್ನಿನ ದೊಡ್ಡ ಪಾಲು ಹಿಂದಿನ ಸಿಗರೇಟು ಹುಟ್ಟಿಸಿದ್ದು.

2014ರಲ್ಲಿ ಬ್ರಿಟನ್ನಿನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬಿಟ್ಟವರಲ್ಲಿ ಆತಂಕ, ಖಿನ್ನತೆ ಕಡಿಮೆಯಾಗಿದ್ದು ಕಂಡುಬಂತು. ಭದ್ರಾವತಿಗೆ ಇದು ಮುಖ್ಯವಾದ ಮಾತು. 2015ರಲ್ಲಿ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿತ್ತು. ಕೆಲಸದ ಚಿಂತೆ ಇಲ್ಲಿ ನಿಜವಾದದ್ದೇ. ಆದರೆ ಆ ಚಿಂತೆಗೆ ಸಿಗರೇಟು ಮದ್ದಲ್ಲ, ಮೇಲೊಂದು ಹೊರೆ.

ನಿಕೋಟಿನ್ ಜೊತೆ ಮಿದುಳು ಇನ್ನೊಂದನ್ನೂ ಕಲಿಯುತ್ತದೆ. ಟೀ ಲೋಟ, ಶಿಫ್ಟ್ ಬಿಡುವ ಹೊತ್ತು, ಜೊತೆಗಾರ ಬೆಂಕಿಪೊಟ್ಟಣ ತೆಗೆಯುವ ಸದ್ದು, ಊಟ ಮುಗಿಸಿ ಕೈ ತೊಳೆದ ಗಳಿಗೆ: ಒಂದೊಂದೂ ‘ಈಗ ಸೇದಬೇಕು’ ಎಂಬ ಸೂಚನೆಯಾಗಿಬಿಡುತ್ತದೆ. ನಿಕೋಟಿನ್ ಕೆಲವೇ ದಿನದಲ್ಲಿ ಮೈಯಿಂದ ಹೋದರೂ ಈ ಸೂಚನೆಗಳು ತಿಂಗಳುಗಟ್ಟಲೆ ಉಳಿಯುತ್ತವೆ.

ಕುಲುಮೆಯ ಅನಿಲ, ಸಿಗರೇಟಿನ ಅನಿಲ

1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಉರುವಲಾಗಿ ಬಳಸಿದ್ದು ಮಲೆನಾಡಿನ ಕಾಡಿನ ಇದ್ದಿಲು. ಬ್ಲಾಸ್ಟ್ ಫರ್ನೇಸಿನೊಳಗೆ ಇದ್ದಿಲು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದು ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಕುಲುಮೆಯ ಹತ್ತಿರ ಕೆಲಸ ಮಾಡಿದವರಿಗೆ ಈ ಅನಿಲದ ಭಯ ಗೊತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ಸೋರಿದರೆ ಜೀವಕ್ಕೇ ಅಪಾಯ.

ಉರಿಯುವ ಸಿಗರೇಟಿನ ತುದಿಯಿಂದ ಬರುವುದೂ ಅದೇ ಅನಿಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುವುದರಿಂದ ಮೈಗೆ ಸಿಗಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಬೀಡಿ ಹಗುರ ಅನ್ನುವುದು ತಪ್ಪು ತಿಳಿವಳಿಕೆ. ತೂಬರೆ ಎಲೆಯ ಬೀಡಿ ಬೇಗ ಆರುವುದರಿಂದ ಮತ್ತೆ ಮತ್ತೆ, ಜೋರಾಗಿ ದಮ್ಮು ಎಳೆಯಬೇಕಾಗುತ್ತದೆ. ಕೆಲಸದ ಜಾಗದ ದೂಳು ಇದಕ್ಕೆ ಸೇರಿದರೆ ಶ್ವಾಸಕೋಶಕ್ಕೆ ಎರಡು ಕಡೆಯಿಂದ ಪೆಟ್ಟು.

ಮನೋಬಲದ ಬಗ್ಗೆ ಸಂಶೋಧನೆ ಹೇಳುವುದೇನು?

ಬಳಸಿದಷ್ಟೂ ದಣಿಯುವ ಶಕ್ತಿ ಮನೋಬಲ ಎಂಬ ವಾದ 1998ರಿಂದ ಬಹಳ ಜನಪ್ರಿಯವಾಗಿತ್ತು. 2016ರಲ್ಲಿ 23 ಪ್ರಯೋಗಾಲಯಗಳು ಅದನ್ನು ಮರುಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಸುತ್ತಲಿನ ಸಂದರ್ಭದ ಬಲಕ್ಕೆ ಮಾತ್ರ ಗಟ್ಟಿ ಸಾಕ್ಷಿ ಇದೆ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರ ಪೈಕಿ ಸುಮಾರು ಶೇ 20ರಷ್ಟು ಮಂದಿ ಅಲ್ಲಿ ಹೆರಾಯಿನ್‌ಗೆ ದಾಸರಾಗಿದ್ದರು. ಸಂಶೋಧಕಿ ಲೀ ರಾಬಿನ್ಸ್ ಅವರ ಅಧ್ಯಯನದಲ್ಲಿ, ಊರಿಗೆ ಮರಳಿದ ಮೊದಲ ವರ್ಷ ಇವರಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ. ಜಾಗ, ಜೊತೆ, ದಿನಚರಿ ಮೂರೂ ಬದಲಾಗಿದ್ದವು.

ಜನ್ನಾಪುರದವನು ಸಿಗರೇಟು ಬಿಡಲು ಊರು ಬಿಡಬೇಕಿಲ್ಲ. ಆದರೆ ದಿನದ ನಾಲ್ಕಾರು ಗಳಿಗೆಗಳನ್ನು ಬದಲಾಯಿಸಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ತೋರಿಸಿದ ಉಪಾಯ ಸರಳ: ‘ಸೇದುವುದಿಲ್ಲ’ ಎಂಬ ಶಪಥಕ್ಕಿಂತ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಹೆಚ್ಚು ಕೆಲಸ ಮಾಡುತ್ತದೆ. ‘ನೈಟ್ ಶಿಫ್ಟ್ ಮುಗಿದರೆ ಗೂಡಂಗಡಿಯ ದಾರಿ ಬಿಟ್ಟು ಇನ್ನೊಂದು ಬೀದಿಯಲ್ಲಿ ಹೋಗುತ್ತೇನೆ.’ ‘ಯಾರಾದರೂ ಪ್ಯಾಕ್ ಚಾಚಿದರೆ, ಬಿಟ್ಟಿದ್ದೀನಿ ಮಾರಾಯ ಅಂತೀನಿ.’ ಉತ್ತರ ಮೊದಲೇ ಬಾಯಲ್ಲಿದ್ದರೆ ಆ ಗಳಿಗೆಯಲ್ಲಿ ತೀರ್ಮಾನಿಸುವ ಕಷ್ಟ ಇರುವುದಿಲ್ಲ.

ಬಿಡುವ ದಿನಕ್ಕೆ ತಯಾರಿ

ಎರಡು ವಾರದೊಳಗಿನ ಒಂದು ದಿನ ಗೊತ್ತುಮಾಡಿ. ಶಿಫ್ಟಿನವರು ವಾರದ ರಜೆಯ ದಿನ ಆರಿಸಿಕೊಂಡರೆ ಮೊದಲ ಪೆಟ್ಟು ಮನೆಯಲ್ಲೇ ಕಳೆಯುತ್ತದೆ. ದಿನಕ್ಕೊಂದು ಕಡಿಮೆ ಮಾಡುತ್ತಾ ಹೋಗುವುದೋ, ಒಮ್ಮೆಲೇ ನಿಲ್ಲಿಸುವುದೋ ಎಂಬ ಪ್ರಶ್ನೆಗೆ 2016ರ ಬ್ರಿಟನ್ನಿನ ಅಧ್ಯಯನವೊಂದು ಉತ್ತರ ಕೊಟ್ಟಿದೆ. ಆರು ತಿಂಗಳ ಬಳಿಕ, ಒಮ್ಮೆಲೇ ಬಿಟ್ಟವರಲ್ಲಿ ಶೇ 22ರಷ್ಟು, ಇಳಿಸುತ್ತ ಬಂದವರಲ್ಲಿ ಶೇ 15.5ರಷ್ಟು ಮಂದಿ ಸಿಗರೇಟಿನಿಂದ ದೂರವಿದ್ದರು. ಇಬ್ಬರಿಗೂ ಔಷಧಿ ಮತ್ತು ಸಲಹೆಯ ನೆರವಿತ್ತು.

ಬಿಡುವ ದಿನದವರೆಗೆ ಸೇದುವ ಪ್ರತಿ ಸಿಗರೇಟಿನ ಹೊತ್ತು, ಜಾಗ, ಜೊತೆಗಿದ್ದವರು ಯಾರು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಲ್ಲಿ ಎಚ್ಚರ ಬೇಕು ಎಂಬುದು ಆ ಚೀಟಿಯಲ್ಲೇ ಸಿಗುತ್ತದೆ. ಹಿಂದಿನ ರಾತ್ರಿ ಪ್ಯಾಕ್, ಲೈಟರ್ ಎಲ್ಲ ಮನೆಯಿಂದ ಆಚೆ ಹೋಗಲಿ. ‘ಆಪತ್ತಿಗಿರಲಿ’ ಎಂದು ಒಂದು ಉಳಿಸಿಕೊಂಡರೆ ಆಪತ್ತು ತಾನಾಗಿ ಬರುತ್ತದೆ.

ಹಣದ ಲೆಕ್ಕವೂ ಕೈಹಿಡಿಯುತ್ತದೆ. ಒಂದಕ್ಕೆ 15 ರೂಪಾಯಿಯಂತೆ ದಿನಕ್ಕೆ 10 ಸೇದಿದರೆ ವರ್ಷಕ್ಕೆ 54,750 ರೂಪಾಯಿ. ಫಿಲಿಪ್ಪೀನ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಧೂಮಪಾನಿಗಳಿಗೆ ಬ್ಯಾಂಕ್ ಖಾತೆ ತೆರೆಯುವ ಅವಕಾಶ ಕೊಟ್ಟರು. ಆರು ತಿಂಗಳ ಬಳಿಕ ಮೂತ್ರ ಪರೀಕ್ಷೆಯಲ್ಲಿ ತಂಬಾಕಿನ ಸುಳಿವು ಸಿಕ್ಕರೆ ಇಟ್ಟ ಹಣವೆಲ್ಲ ದಾನಕ್ಕೆ. ಈ ಅವಕಾಶ ಸಿಕ್ಕವರಲ್ಲಿ, ಸಿಗದವರಿಗಿಂತ ಹೆಚ್ಚು ಮಂದಿ ಚಟ ಬಿಟ್ಟಿದ್ದರು. ಇಲ್ಲಿ ಆ ಕೆಲಸವನ್ನು ಹೆಂಡತಿಯ ಕೈಯಲ್ಲಿರುವ ಡಬ್ಬಿ ಮಾಡಬಹುದು.

ಮೊದಲ ಮೂರು ವಾರ

ಸಿಡುಕು, ನಿದ್ದೆಗೇಡು, ಹಸಿವು, ಮಲಬದ್ಧತೆ, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಇವೆಲ್ಲ ಬರುತ್ತವೆ. ಎರಡು ಮೂರನೇ ದಿನ ತುತ್ತತುದಿ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಸೇದಲೇಬೇಕು ಎಂಬ ತಹತಹ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ. ಅಷ್ಟು ಹೊತ್ತು ತಡೆಯಿರಿ, ನಿಧಾನವಾಗಿ ಉಸಿರೆಳೆದು ಬಿಡಿ, ನೀರು ಕುಡಿಯಿರಿ, ಎದ್ದು ನಾಲ್ಕು ಹೆಜ್ಜೆ ಹಾಕಿ.

ಟೀ, ಕಾಫಿ ಕುಡಿಯುವವರಿಗೆ ಹೆಚ್ಚಾಗಿ ಯಾರೂ ಹೇಳದ ವಿಷಯ ಒಂದಿದೆ. ತಂಬಾಕಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿ ಕೆಫೀನನ್ನು ಬೇಗ ಕರಗಿಸುತ್ತದೆ. ಸೇದುವುದು ನಿಂತಾಗ ಈ ಚುರುಕು ಇಳಿಯುವುದರಿಂದ, ದಿನವೂ ಕುಡಿಯುತ್ತಿದ್ದಷ್ಟೇ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು ಎಷ್ಟೋ ಸಲ ಇದರಿಂದಲೇ. ಅದನ್ನು ಸಿಗರೇಟಿನ ಕೊರತೆ ಎಂದು ತಿಳಿದು ಮತ್ತೆ ಹಚ್ಚುವವರುಂಟು. ಮೊದಲ ವಾರಗಳಲ್ಲಿ ಕಾಫಿ, ಟೀ ಅರ್ಧಕ್ಕಿಳಿಸಿ. ಇದೇ ಕಾರಣಕ್ಕೆ ಉಬ್ಬಸದ ಥಿಯೋಫಿಲಿನ್ ಮತ್ತು ಕೆಲವು ಮನೋರೋಗದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸಿಯೇ ಬಿಡಬೇಕು.

ಔಷಧಿ

ಯಾವ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಒಂದು ಪ್ರಯತ್ನಕ್ಕೆ ವರ್ಷದವರೆಗೆ ನಿಲ್ಲುವವರು ನೂರಕ್ಕೆ ಮೂರರಿಂದ ಐದು ಮಂದಿ. ನಿಕೋಟಿನ್ ಗಮ್‌ನಂಥ ಬದಲಿಗಳು ಗೆಲ್ಲುವ ಸಾಧ್ಯತೆಯನ್ನು ಸುಮಾರು ಒಂದೂವರೆ ಪಟ್ಟು ಮಾಡುತ್ತವೆ. 2 ಮಿಲಿಗ್ರಾಂ ಗಮ್ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇಬೇಕು ಎನ್ನುವವರಿಗೆ 4 ಮಿಲಿಗ್ರಾಂ ಬೇಕಾದೀತು.

ಚ್ಯೂಯಿಂಗ್ ಗಮ್‌ನಂತೆ ಜಗಿದರೆ ಇದು ಕೆಲಸ ಮಾಡುವುದಿಲ್ಲ. ಖಾರದ ರುಚಿ ಬರುವವರೆಗೆ ನಿಧಾನವಾಗಿ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಡಬೇಕು. ರುಚಿ ಹೋದ ಮೇಲೆ ಮತ್ತೆ ಅಗಿದು ಜಾಗ ಬದಲಿಸಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚಿನ 15 ನಿಮಿಷ ಮತ್ತು ಬಾಯಲ್ಲಿರುವಾಗ ಕಾಫಿ, ಹಣ್ಣಿನ ರಸ ಕುಡಿಯಬಾರದು. ಹುಳಿ ಅಂಶ ನಿಕೋಟಿನ್ ಒಳಸೇರುವುದನ್ನು ತಡೆಯುತ್ತದೆ. ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳನ್ನು ವೈದ್ಯರೇ ಬರೆದುಕೊಡಬೇಕು.

ಸಿಗರೇಟು ಬಿಟ್ಟು ಗುಟ್ಕಾಗೆ?

ಅಡಿಕೆಯ ಜಿಲ್ಲೆಯಲ್ಲಿ ಈ ಜಾರುಬಂಡೆ ಹತ್ತಿರವೇ ಇದೆ. 2016–17ರ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರ ಪೈಕಿ ಧೂಮಪಾನಿಗಳು ಶೇ 8.8 ಇದ್ದರೆ, ಹೊಗೆರಹಿತ ತಂಬಾಕು ಬಳಸುವವರು ಶೇ 16.3. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಮತ್ತು ತಂಬಾಕಿನ ಪೊಟ್ಟಣ ಬೇರೆ ಬೇರೆ ಕೊಂಡು ಬೆರೆಸಿಕೊಳ್ಳುವ ಅಭ್ಯಾಸ ಬಂತು. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಎಲ್ಲದರಲ್ಲೂ ಇರುವುದು ನಿಕೋಟಿನ್ನೇ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಚಟ ಬಿಟ್ಟಂತಲ್ಲ. ಬಾಯಿ ಕ್ಯಾನ್ಸರಿನ ದಾರಿ ಹಿಡಿದಂತೆ.

ನೆರವು ಎಲ್ಲಿ ಸಿಗುತ್ತದೆ?

ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356 ತಂಬಾಕು ಬಿಡುವವರಿಗಾಗಿ ಇರುವ ಉಚಿತ ಸಹಾಯವಾಣಿ. 2016ರಲ್ಲಿ ದೆಹಲಿಯಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವೂ ಸೇರಿದ ಮೇಲೆ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮಾನಸ್‌ನ 14416 ಇದೆ.

ಮುಖಾಮುಖಿ ಸಲಹೆ ಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿತು. ದಿನ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಮನೋವೈದ್ಯರ ಬಳಿ ಹೋಗಲು ಹಿಂಜರಿಕೆ ಬೇಡ. ಶಿವಮೊಗ್ಗದವರೇ ಆದ ಡಾ. ಕೆ.ಎ. ಅಶೋಕ್ ಪೈ 2016ರಲ್ಲಿ ತೀರಿಕೊಳ್ಳುವವರೆಗೂ ಅಂಕಣ, ಸಿನಿಮಾಗಳ ಮೂಲಕ ಆ ಹಿಂಜರಿಕೆ ಕಳೆಯಲು ದುಡಿದರು.

ಕಾನೂನೂ ಒಂದು ಬಗೆಯ ನೆರವೇ. 2025ರ ಮೇ ತಿಂಗಳಿಂದ ಕರ್ನಾಟಕದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ.

ಮತ್ತೆ ಸೇದಿದರೆ

ಮದುವೆ ಮನೆಯಲ್ಲೋ, ಸಾವಿನ ಮನೆಯಲ್ಲೋ ಒಂದು ಸೇದಿಬಿಟ್ಟರೆ ‘ಹೋಯ್ತು, ಇನ್ನೇನು’ ಎನ್ನುವ ಮಾತೇ ಅಪಾಯ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ಮೈಗೂಡಲು 18ರಿಂದ 254 ದಿನ ಹಿಡಿದಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ. ಯಾವ ಗಳಿಗೆಯಲ್ಲಿ ತಪ್ಪಿತು ಎಂದು ಚೀಟಿಗೆ ಸೇರಿಸಿ, ಅದಕ್ಕೊಂದು ಉತ್ತರ ಗೊತ್ತುಮಾಡಿಕೊಂಡು ಮುಂದೆ ಹೋಗಬೇಕು. ಮನೆಯವರು ಹಂಗಿಸುವ ಮಾತು ಈ ಹೊತ್ತಿನಲ್ಲಿ ಸಿಗರೇಟಿನ ಕಡೆಗೇ ತಳ್ಳುತ್ತದೆ.

ಜಾಗ, ಜೊತೆ, ಹೊತ್ತು ಬದಲಿಸುವ ಈ ದಾರಿ ಮೊಬೈಲು, ಇಸ್ಪೀಟು, ಕುರುಕಲು ತಿಂಡಿಯ ಚಟಗಳಿಗೂ ಆಗುತ್ತದೆ. ಕುಡಿತದ ವಿಷಯ ಬೇರೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ನಿಗಾ ಬೇಕು.

ಬಿಟ್ಟವರಿಗೆ ಸಿಗುವುದು

ಕೊನೆಯ ಸಿಗರೇಟಿನ 20 ನಿಮಿಷಕ್ಕೆ ನಾಡಿಬಡಿತ ಇಳಿಯುತ್ತದೆ. 12 ಗಂಟೆಯಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಒಂದರಿಂದ ಒಂಬತ್ತು ತಿಂಗಳಲ್ಲಿ ಕೆಮ್ಮು, ಏದುಸಿರು ಕಡಿಮೆಯಾಗುತ್ತವೆ. ಒಂದು ವರ್ಷಕ್ಕೆ ಹೃದಯದ ರಕ್ತನಾಳ ಕಾಯಿಲೆಯ ಹೆಚ್ಚುವರಿ ಅಪಾಯ ಅರ್ಧವಾಗುತ್ತದೆ. 10 ವರ್ಷಕ್ಕೆ ಶ್ವಾಸಕೋಶ ಕ್ಯಾನ್ಸರಿನಿಂದ ಸಾಯುವ ಅಪಾಯ, ಸೇದುತ್ತಲೇ ಇರುವವರ ಅರ್ಧದಷ್ಟಿರುತ್ತದೆ.

‘ಈ ವಯಸ್ಸಿನಲ್ಲಿ ಬಿಟ್ಟು ಏನಾಗಬೇಕು’ ಎನ್ನುವ ನಿವೃತ್ತರಿಗೂ ಉತ್ತರವಿದೆ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ 50 ವರ್ಷ ವೈದ್ಯರ ಗುಂಪೊಂದನ್ನು ಗಮನಿಸಿ 2004ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 30ಕ್ಕೆ ಬಿಟ್ಟವರು ಸುಮಾರು 10 ವರ್ಷದ ಆಯುಷ್ಯ ಉಳಿಸಿಕೊಳ್ಳುತ್ತಾರೆ, 40ಕ್ಕೆ ಬಿಟ್ಟವರು 9 ವರ್ಷ, 50ಕ್ಕೆ ಬಿಟ್ಟವರು 6 ವರ್ಷ. 60 ತುಂಬಿ ಬಿಟ್ಟವರಿಗೂ 3 ವರ್ಷ ಸಿಗುತ್ತದೆ.