ಐಹೊಳೆಯ ಕಲ್ಲಿನ ಲೆಕ್ಕ

ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಶಾಸನದಲ್ಲಿ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಓದಲು ಜನ ಹೋಗುತ್ತಾರೆ. ಹಳ್ಳಿ ಶಾಲೆಯಲ್ಲಿ ಲೆಕ್ಕ ಕಲಿಸಿಕೊಂಡು ಬಂದ ನನ್ನ ಕಣ್ಣು ನೆಡುವುದು, ಬಸದಿ ಕಟ್ಟಿದ ಕಾಲವನ್ನು ಶಾಸನದ ಕವಿ ರವಿಕೀರ್ತಿ ಹೇಳಿರುವ ರೀತಿಯ ಮೇಲೆ. ಮಹಾಭಾರತ ಯುದ್ಧ ಕಳೆದು ಎಷ್ಟು ವರ್ಷ? ಮೂವತ್ತು, ಮೂರು ಸಾವಿರ, ಏಳು ನೂರು, ಐದು. ಕಲ್ಲಿನಲ್ಲಿರುವ ಸರದಿಯೇ ಇದು. ಕೂಡಿದರೆ 3735. ಶಕವರ್ಷವೂ ಹಾಗೆಯೇ: ಐವತ್ತು, ಆರು, ಐನೂರು. ಅಂದರೆ ಶಕ 556, ಕ್ರಿ.ಶ. 634.

ಛಂದಸ್ಸಿಗೆ ಒಗ್ಗಿದ ಕಡೆ ಕವಿ ಪದಗಳನ್ನು ಕೂರಿಸಿದ್ದಾನೆ. ಲೆಕ್ಕ ಒಂದಿಷ್ಟೂ ಕೆಟ್ಟಿಲ್ಲ. ಅದೇ ಸರದಿಯಲ್ಲಿ ಬರಿಯ ಅಂಕಿ ಕೆತ್ತಿದ್ದರೆ 3375, 565 ಎಂದಾಗುತ್ತಿತ್ತು. ‘ಐನೂರು’ ಎಂಬ ಮಾತು ಎಲ್ಲಿ ನಿಂತರೂ ಐನೂರೇ. ಐದು ಎಂಬ ಅಂಕಿಗೆ ಕೂತ ಜಾಗವೇ ಬೆಲೆ.

ನನ್ನ ಮಕ್ಕಳು ಎಡವುತ್ತಿದ್ದುದೂ ಈ ಜಾಗದ ಬೆಲೆಯಲ್ಲೇ. ಐದನೇ ತರಗತಿಯಲ್ಲಿ ‘ನಾಲ್ಕು ಲಕ್ಷದ ಏಳು’ ಬರೆಯಿರಿ ಎಂದರೆ ಮಕ್ಕಳು 4007 ಎಂದೋ 40007 ಎಂದೋ ಬರೆಯುತ್ತಿದ್ದರು. ಅವರನ್ನು ದಡ್ಡರೆನ್ನುವವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಖಾಲಿ ಸ್ಥಾನಗಳ ಹೆಸರನ್ನು ನಾವು ಬಾಯಲ್ಲಿ ಹೇಳುವುದೇ ಇಲ್ಲ. ಮಗು ಕಿವಿಗೆ ಬಿದ್ದದ್ದನ್ನು ಬರೆಯುತ್ತದೆ. ಹಲಗೆಯ ಮೇಲೆ ಲಕ್ಷದಿಂದ ಬಿಡಿಯವರೆಗೆ ಆರು ಮನೆ ಗೆರೆ ಎಳೆದು, ನಾಲ್ಕನ್ನೂ ಏಳನ್ನೂ ಅವುಗಳ ಮನೆಗೆ ಕಳಿಸಿದರೆ, ನಡುವೆ ಖಾಲಿ ಉಳಿದ ನಾಲ್ಕು ಮನೆಗೆ ಸೊನ್ನೆ ಬೇಕೆಂದು ಮಕ್ಕಳೇ ಕೂಗುತ್ತಿದ್ದರು.

ಆ ಮನೆಗಳಿಗೆ ಒಂಬತ್ತನೆಯ ಶತಮಾನದಲ್ಲಿ ಗಣಿತಜ್ಞ ಮಹಾವೀರಾಚಾರ್ಯ ಕೊಟ್ಟ ಹೆಸರಿನ ಪಟ್ಟಿ ನನಗೆ ಬಲು ಇಷ್ಟ. ರಾಷ್ಟ್ರಕೂಟ ದೊರೆ ನೃಪತುಂಗನನ್ನು ಹೊಗಳಿ ಆರಂಭಿಸುವ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತ, ಸಹಸ್ರ ಎಂದು ಹೊರಟು, ಲಕ್ಷ, ಕೋಟಿ ದಾಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ಹಾದು ಮಹಾಕ್ಷೋಭದವರೆಗೆ 24 ಸ್ಥಾನ ಎಣಿಸುತ್ತಾನೆ. ಒಂದರ ಮುಂದೆ 23 ಸೊನ್ನೆ! ಯಾವ ಸಂತೆಗೂ ಯಾವ ಸುಂಕಕ್ಕೂ ಅಷ್ಟು ಬೇಕಿರಲಿಲ್ಲ. ಲೋಕವನ್ನೂ ಕಾಲವನ್ನೂ ಎಣಿಕೆ ಮೀರುವವರೆಗೆ ಅಳೆಯಹೊರಟ ಜೈನ ಚಿಂತನೆಯಲ್ಲಿ ಬೆಳೆದವನಿಗೆ ಅದು ಸಹಜವಾಗಿ ಬಂತು.

ಅವನ ಗುಣಾಕಾರದ ಲೆಕ್ಕಗಳಲ್ಲಿ ಕೆಲವಕ್ಕೆ ಕೊರಳ ಹಾರದಂಥ ಉತ್ತರ ಬರುತ್ತದೆ. 152207ನ್ನು 73ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು. ಕ್ಯಾಲ್ಕುಲೇಟರ್ ಬೇಡ, ಮಕ್ಕಳ ಕೈಯಿಂದಲೇ ಮಾಡಿಸಿ. ಒಂದು ಸಾಲು ಒಂದು ಮನೆ ಜರುಗಿದರೂ ಹಾರ ಹರಿಯುತ್ತದೆ.