ಒಂದೇ ಹರಿವಾಣದ ಸಿಹಿ

ಗೆಳೆಯರ ಮನೆಯ ಕೂಟಕ್ಕೆ ನಮ್ಮ ಕಡೆಯ ಸಿಹಿಯೊಂದನ್ನು ಒಯ್ಯಬೇಕು. ಮೈಸೂರು ಪಾಕಿನ ಹದ ಕೈಗೆ ಹತ್ತಿಲ್ಲ, ಹೋಳಿಗೆ ತಟ್ಟಲು ಬಾರದು. ಅಂಥವರಿಗೆ ಹಯಗ್ರೀವವಿದೆ.

ಕಡಲೆಬೇಳೆಯನ್ನು ಮೆತ್ತಗೆ ಬೇಯಿಸಿ, ಬೆಲ್ಲ ಹಾಕಿ ಕುದಿಸಿ, ಕಾಯಿತುರಿ, ತುಪ್ಪ, ಏಲಕ್ಕಿ ಬೆರೆಸಿದರೆ ಮುಗಿಯಿತು. ಎಳೆಪಾಕ ನೋಡುವಂತಿಲ್ಲ, ಕಣಕ ನಾದುವಂತಿಲ್ಲ. ಹೋಳಿಗೆಯ ಹೂರಣವೇ ಹೊದಿಕೆ ಕಳಚಿ ಬಂದಂತೆ.

ಹೆಸರಿನ ಜಾಡು ಹಿಡಿದರೆ ಉತ್ತರ ಕನ್ನಡದ ಶಿರಸಿ ಬಳಿಯ ಸೋದೆಗೆ ತಲುಪುತ್ತೇವೆ. 16ನೇ ಶತಮಾನದ ಮಾಧ್ವ ಯತಿ, ಕನ್ನಡದಲ್ಲೂ ಕೀರ್ತನೆ ರಚಿಸಿದ ವಾದಿರಾಜರು ಅಲ್ಲಿ ನೆಲೆಸಿದ್ದರು. ಅವರು ಕಡಲೆಯ ಮಡ್ಡಿ ತುಂಬಿದ ಹರಿವಾಣವನ್ನು ತಲೆಯ ಮೇಲೆ ಹಿಡಿದರೆ, ಹಯಗ್ರೀವ ದೇವರು ಬಿಳಿಗುದುರೆಯಾಗಿ ಬಂದು, ಹೆಗಲ ಮೇಲೆ ಮುಂಗಾಲಿಟ್ಟು ತಿನ್ನುತ್ತಿದ್ದನಂತೆ. ಉಳಿದದ್ದು ಯತಿಯ ಪಾಲು.

ಇದು ಐತಿಹ್ಯ, ದಾಖಲೆಯಲ್ಲ. ಆದರೂ ಅಡುಗೆಮನೆಯ ಒಂದು ನಿಜ ಇದರಲ್ಲಿದೆ: ಕಡಲೆ ಕುದುರೆಗೂ ಹಾಕುವ ಕಾಳು, ರಾಜಭೋಜನದ ದುಬಾರಿ ಸಾಮಗ್ರಿಯಲ್ಲ. ಇನ್ನೊಂದು ನಿಜ ಕಥೆಯ ಹೊರಗಿದೆ. ಕಥೆಯಲ್ಲಿ ದೇವರೂ ಯತಿಯೂ ಒಂದೇ ಹರಿವಾಣದಿಂದ ಉಂಡರು. ಮಡಿಯಲ್ಲಿ ಬೇಯಿಸಿದ ಅದೇ ಸಿಹಿ ಬಡಿಸುವ ಪಂಕ್ತಿಯಲ್ಲಿ ಮಾತ್ರ ಎಲ್ಲರಿಗೂ ಎಲೆ ಹಾಕುತ್ತಿರಲಿಲ್ಲ.

ಇಂದು ಅದು ಸ್ಟೀಲ್ ಡಬ್ಬಿಯಲ್ಲಿ ಬಸ್ಸು ಹತ್ತಿ ಕೂಟಕ್ಕೆ ಹೋಗುತ್ತದೆ. ಯಾರು ಯಾವ ಮನೆಯವರೆಂದು ಕೇಳದೆ ಎಲ್ಲರ ಚಮಚಗಳೂ ಅದಕ್ಕೆ ಇಳಿಯುತ್ತವೆ. ಈ ಸಿಹಿಯ ಚರಿತ್ರೆ ಬರೆಯುವವರು ಆ ಡಬ್ಬಿಯನ್ನೂ ಮರೆಯಬಾರದು.