ಹದ್ದುಗಳನ್ನು ಎಣಿಸಿದವರು

ನವೆಂಬರಿನ ಒಂದು ಬೆಳಿಗ್ಗೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಾಕ್ ಮೌಂಟನ್ ಬೆಟ್ಟದ ತುದಿಯಲ್ಲಿ, ಬಂಡೆಯೊಂದರ ಮೇಲೆ ಕೂತು ಬಂಗಾರದ ಹದ್ದಿಗಾಗಿ ಕಾಯುತ್ತಿದ್ದೆ. ಹೆಸರಿಗೆ ಬಂಗಾರ, ಮೈಯೆಲ್ಲ ಕಡುಕಂದು. ಹೊನ್ನಿನ ಬಣ್ಣವಿರುವುದು ನೆತ್ತಿ ಮತ್ತು ಕತ್ತಿನ ಹಿಂಭಾಗದಲ್ಲಿ ಮಾತ್ರ. ಕೆನಡಾದ ಕ್ವಿಬೆಕ್, ಲ್ಯಾಬ್ರಡಾರ್ ಕಡೆ ಮರಿ ಮಾಡುವ ಈ ಹಕ್ಕಿ ಚಳಿಗಾಲ ಕಳೆಯಲು ಅಪಲಾಚಿಯನ್ ಬೆಟ್ಟಸಾಲು ಹಿಡಿದು ದಕ್ಷಿಣಕ್ಕೆ ಬರುತ್ತದೆ. ವಾಯುವ್ಯದ ಗಾಳಿ ಬೆಟ್ಟಕ್ಕೆ ಬಡಿದು ಮೇಲಕ್ಕೇಳುತ್ತದೆ. ಅದನ್ನು ನೆಚ್ಚಿಕೊಂಡು ಹಕ್ಕಿಗಳು ರೆಕ್ಕೆ ಬಡಿಯದೆ ಮೈಲಿಗಟ್ಟಲೆ ತೇಲುತ್ತವೆ, ಕೆಲವೊಮ್ಮೆ ನಮ್ಮ ಕಣ್ಣಿನ ಮಟ್ಟದಲ್ಲೇ.

ಒಂದು ಕಾಲಕ್ಕೆ ಇದೇ ಅವುಗಳಿಗೆ ಮುಳುವಾಗಿತ್ತು. ನಾನು ಕೂತಂಥ ಬಂಡೆಗಳ ಮೇಲೆ ಬಂದೂಕು ಹಿಡಿದವರು ಕೂರುತ್ತಿದ್ದರು. ಗಿಡುಗ, ಹದ್ದುಗಳೆಂದರೆ ಕೋಳಿ ಕದಿಯುವ ಪೀಡೆಗಳು ಎಂಬುದು ಆಗಿನ ನಂಬಿಕೆ. 1929ರಲ್ಲಿ ರಾಜ್ಯವೇ ಗಾಸ್‌ಹಾಕ್ ಎಂಬ ಗಿಡುಗವನ್ನು ಕೊಂದವರಿಗೆ 5 ಡಾಲರ್ ಇನಾಮು ಕೊಡಲು ಶುರುಮಾಡಿತು. ಗುಂಡು ಹಾರಿಸುವವರು ಜಾತಿ ನೋಡಿ ಹಾರಿಸುತ್ತಿರಲಿಲ್ಲ. 1932ರಲ್ಲಿ ರಿಚರ್ಡ್ ಪೋ ಎಂಬ ಯುವಕ ಇಲ್ಲಿಗೆ ಬಂದು, ಸತ್ತ ಹಕ್ಕಿಗಳನ್ನು ಸಾಲಾಗಿ ಜೋಡಿಸಿ ಫೋಟೋ ತೆಗೆದ.

ಆ ಚಿತ್ರಗಳು ನ್ಯೂಯಾರ್ಕಿನ ರೊಸಾಲಿ ಎಡ್ಜ್ ಅವರನ್ನು ಕಲಕಿದವು. ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿ ಪಳಗಿದ್ದ ಆಕೆ 1934ರಲ್ಲಿ ಬೆಟ್ಟದ ಸುಮಾರು 1,400 ಎಕರೆಯನ್ನು ಗುತ್ತಿಗೆ ಹಿಡಿದರು. ಮಾರಿಸ್ ಬ್ರೌನ್ ಮತ್ತು ಅವರ ಪತ್ನಿ ಇರ್ಮಾ ಕಾವಲಿಗೆ ಬಂದರು. ಬೇಟೆಗಾರರನ್ನು ತಡೆಯುವುದು ಬ್ರೌನರಿಗೆ ವಹಿಸಿದ್ದ ಕೆಲಸ. ಅದರ ಜೊತೆಗೆ ಅವರು ಹಾದುಹೋಗುವ ಹಕ್ಕಿಗಳನ್ನು ಎಣಿಸಿ ಬರೆದಿಡತೊಡಗಿದರು. ಪೂರ್ವ ಅಮೆರಿಕದಲ್ಲಿ ಬಂಗಾರದ ಹದ್ದು ತೀರಾ ಅಪರೂಪ ಎಂದೇ ಪಂಡಿತರು ತಿಳಿದಿದ್ದರು. ಅದು ಪ್ರತಿವರ್ಷವೂ ಇದೇ ದಾರಿಯಲ್ಲಿ ಹೋಗುತ್ತದೆಂದು ಬ್ರೌನರ ಲೆಕ್ಕ ತೋರಿಸಿತು.

ಆ ಲೆಕ್ಕದಿಂದ ಇನ್ನೊಂದು ದೊಡ್ಡ ಉಪಕಾರವಾಯಿತು. ಬಾಲ್ಡ್ ಈಗಲ್ ಎಂಬ ಬಿಳಿತಲೆಯ ಹದ್ದಿನ ಎಳೆಯ ಹಕ್ಕಿಗಳಿಗೆ ತಲೆ ಬೆಳ್ಳಗಿರುವುದಿಲ್ಲ. ಹಾಗಾಗಿ ಎಳೆಯವೆಷ್ಟು, ಬಲಿತವೆಷ್ಟು ಎಂದು ಬೇರೆಬೇರೆ ಬರೆಯಬಹುದು. 1935ರಿಂದ 1939ರವರೆಗೆ ಇಲ್ಲಿ ಕಂಡ ಬಿಳಿತಲೆಯ ಹದ್ದುಗಳಲ್ಲಿ ಎಳೆಯವು ಶೇ. 40. 1955ರಿಂದ 1959ರ ನಡುವೆ ಶೇ. 20. 1957ರಲ್ಲಂತೂ 32 ಬಲಿತ ಹಕ್ಕಿಗಳಿಗೆ ಒಂದೇ ಒಂದು. ಡಿಡಿಟಿಯಂಥ ಕೀಟನಾಶಕಗಳ ಹಾನಿಯ ಬಗ್ಗೆ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಬರೆದ ರೇಚಲ್ ಕಾರ್ಸನ್ ಈ ಅಂಕಿಗಳನ್ನು ಸಾಕ್ಷಿಯಾಗಿ ಬಳಸಿದರು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. 1940ರಲ್ಲಿ ಬಿಳಿತಲೆಯ ಹದ್ದಿಗಷ್ಟೇ ಸಿಕ್ಕಿದ್ದ ಕಾನೂನಿನ ರಕ್ಷಣೆ ಬಂಗಾರದ ಹದ್ದಿಗೂ ಸಿಕ್ಕಿದ್ದು 1962ರಲ್ಲೇ.

ಇತಿಹಾಸವೆಂದರೆ ನಡೆದುಹೋದದ್ದರ ದಾಖಲೆ ಎಂದು ಓದಿಕೊಂಡವನು ನಾನು. ನಡೆಯದೇ ಹೋದದ್ದನ್ನೂ ಯಾರಾದರೂ ಬರೆದಿಡಬೇಕು ಅನ್ನುವುದು ಈ ಬೆಟ್ಟದ ಕತೆ ಓದುವವರೆಗೆ ನನಗೆ ಹೊಳೆದಿರಲಿಲ್ಲ. ಮೊದಲಿನ ವರ್ಷಗಳ ಲೆಕ್ಕ ಇರದಿದ್ದರೆ, 1957ರಲ್ಲಿ ಮರಿಗಳು ಬರಲಿಲ್ಲವೆಂದು ಹೇಳಲು ಯಾರ ಬಳಿಯೂ ಆಧಾರವಿರುತ್ತಿರಲಿಲ್ಲ. 1934ರಲ್ಲಿ ಪೆನ್ಸಿಲ್ ಹಿಡಿದ ಬ್ರೌನರಿಗೆ ಡಿಡಿಟಿಯ ಹೆಸರೂ ಗೊತ್ತಿರಲಿಲ್ಲ.

ಅವತ್ತು ಮಧ್ಯಾಹ್ನದವರೆಗೂ ಗಾಳಿ ಬೀಸಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಸ್ವಯಂಸೇವಕಿ ಗಂಟೆಗೊಮ್ಮೆ ದುರ್ಬೀನು ಕೆಳಗಿಟ್ಟು ಬರೆದುಕೊಳ್ಳುತ್ತಿದ್ದರು. ಬೆರಳು ಮರಗಟ್ಟಿ ಹೊರಟು ನಿಂತಾಗ ಅವರ ಹಾಳೆಯತ್ತ ಇಣುಕಿದೆ. ಬಂಗಾರದ ಹದ್ದಿನ ಸಾಲಿನಲ್ಲಿ ಪ್ರತಿ ಗಂಟೆಗೂ ಸೊನ್ನೆ.

“ಬೇಜಾರಾಯಿತೇ?” ಎಂದು ಕೇಳಿದರು.

“ಆಗಿತ್ತು” ಎಂದೆ. ಅವರು ನಕ್ಕು, ಮತ್ತೆ ದುರ್ಬೀನನ್ನು ಉತ್ತರದ ಕಡೆ ತಿರುಗಿಸಿದರು. ನಾನೂ ಇನ್ನೊಂದು ಗಂಟೆ ಕೂತೆ.